ನೋಟ್‌ಬುಕ್ ತೋರಿಸಿ ಅಂದಾಗ: ಕಾಸರಗೋಡು ಕಡಲತೀರದ ಒಂದು ಪ್ರಕರಣ

ಪ್ರಕರಣ ಚಿಕ್ಕದು. ಕಾಸರಗೋಡಿನ ಒಬ್ಬ ಸಂಶೋಧಕಿ ಪಿಎಚ್‌ಡಿಯ ಮೂರನೇ ವರ್ಷದಲ್ಲಿದ್ದಳು. ವಿಷಯ ನಾಗರಿಕ-ಸೈನಿಕ ಸಂಬಂಧ. ಸಮವಸ್ತ್ರದಲ್ಲಿರುವವರು, ಅವರನ್ನು ನಡೆಸುವ ಸರ್ಕಾರ, ಸುತ್ತಲಿನ ಜನ, ಈ ಮೂವರ ನಡುವೆ ಏನು ನಡೆಯುತ್ತದೆ ಅನ್ನುವುದರ ಅಧ್ಯಯನ. ಕರಾವಳಿ ಭದ್ರತೆಯ ಕೆಲಸದಲ್ಲಿದ್ದ ಒಬ್ಬ ಅಧಿಕಾರಿ ತುಂಬಾ ದಿನ ಕಾಯಿಸಿ ಕೊನೆಗೆ ಸಂದರ್ಶನಕ್ಕೆ ಒಪ್ಪಿದರು. ಜೊತೆಗೆ ಒಂದು ಮಾತು ಸೇರಿಸಿದರು: "ನೀವು ಮೀನುಗಾರರ ಹತ್ತಿರ ಮಾತಾಡಿದ್ದೀರಲ್ಲ, ಆ ನೋಟ್ಸ್ ಒಮ್ಮೆ ನಮಗೂ ತೋರಿಸಿ. ಎಲ್ಲರ ಒಳ್ಳೆಯದಕ್ಕೇ."

ಬೆದರಿಕೆ ಇರಲಿಲ್ಲ. ಚಹಾ ತರಿಸಿ, ನಗುತ್ತಲೇ ಕೇಳಿದ್ದು. ಆದರೆ ಆ ನೋಟ್‌ಬುಕ್ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಅನ್ನುವ ಲೆಕ್ಕದಲ್ಲಿ ಅವಳ ಇಡೀ ಸಂಶೋಧನೆ ಸಿಕ್ಕಿಹಾಕಿಕೊಂಡಿತು.

ನಾನು ಅವಳ ಗೈಡ್ ಅಲ್ಲ. ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದ ಮೇಷ್ಟ್ರು. ಕರಡು ಓದಿಸಲು ಮನೆಗೆ ಬರುತ್ತಿದ್ದಳು, ಹಾಗೆ ಈ ಕಥೆ ನನ್ನ ಕಣ್ಣೆದುರೇ ನಡೆಯಿತು. ಗಡಿನಾಡಿನ ಬೇರೆ ಹುಡುಗ ಹುಡುಗಿಯರೂ ಈಗ ಈ ವಿಷಯಕ್ಕೆ ಬರುತ್ತಿದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಊರು, ಕಚೇರಿ, ಸಂಸ್ಥೆಯ ಗುರುತನ್ನೂ ಬೇಕೆಂದೇ ಮಸುಕು ಮಾಡಿದ್ದೇನೆ.

ದೆಹಲಿಯಲ್ಲಿ ಬಾಗಿಲು ತೆರೆಯಲಿಲ್ಲ

ಅವಳು ಕುಂಬಳೆ ಸೀಮೆಯವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಲೈಬ್ರರಿಯಲ್ಲಿ ಇಂಗ್ಲಿಷ್. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕಿತ್ತು. ಆಗ ಅದು ತಿಂಗಳಿಗೆ 25,000 ರೂಪಾಯಿ, 2019ರ ಜನವರಿಯಿಂದ 31,000 ಆಯಿತು. ಮನೆಯವರ ಮಟ್ಟಿಗೆ ಅದೇ ಸರ್ಕಾರಿ ಕೆಲಸ.

ಮೊದಲು ನೋಂದಾಯಿಸಿದ ವಿಷಯ ದೊಡ್ಡದು: ಕಾರ್ಗಿಲ್ ನಂತರದ ರಕ್ಷಣಾ ಸುಧಾರಣೆ. 1999ರ ಯುದ್ಧ, ಆಮೇಲೆ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿ, 2001ರ ಮಂತ್ರಿಗಳ ತಂಡದ ವರದಿ, ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥ ಬೇಕು ಅನ್ನುವ ಶಿಫಾರಸು. ಪೀಠಿಕೆಗೆ 1959ರ ತಿಮ್ಮಯ್ಯ ಪ್ರಸಂಗ. ಈ ವಿಷಯ ಓದುವ ಪ್ರತಿಯೊಬ್ಬರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆ ವರ್ಷ ಆಗಸ್ಟ್ 31ರಂದು ಸೇನಾ ಮುಖ್ಯಸ್ಥ ಜನರಲ್ ಕೆ.ಎಸ್. ತಿಮ್ಮಯ್ಯ ರಾಜೀನಾಮೆ ಕೊಟ್ಟರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಜೊತೆ ಅವರಿಗೆ ಕೂಡಿಬರುತ್ತಿರಲಿಲ್ಲ, ಬಡ್ತಿಗಳ ವಿಷಯದಲ್ಲೂ ತಕರಾರಿತ್ತು. ನೆಹರೂ ಕರೆಸಿ ಮಾತಾಡಿ ರಾಜೀನಾಮೆ ವಾಪಸ್ ತೆಗೆಸಿದರು. ಎರಡು ದಿನದಲ್ಲಿ ಸಂಸತ್ತಿನಲ್ಲಿ ನಿಂತು, ನಾಗರಿಕ ಅಧಿಕಾರವೇ ಮೇಲು ಎಂದು ಹೇಳಿಯೂ ಬಿಟ್ಟರು. 1962ರ ಚೀನಾ ಯುದ್ಧದ ನಡುವೆಯೇ ಮೆನನ್ ಕುರ್ಚಿ ಹೋಯಿತು. ಜನರಲ್ ಬೆಟ್ಟದಾಚೆಯ ಕೊಡಗಿನವರು, ಸಚಿವರು ಕಲ್ಲಿಕೋಟೆ ಕಡೆಯವರು. ಕಾಸರಗೋಡಿಗೆ ಇಬ್ಬರೂ ದೂರದವರಲ್ಲ. ಹುಡುಗಿಗೆ ಇದು ಖುಷಿ ಕೊಟ್ಟಿತ್ತು. ನನಗೂ, ಸುಳ್ಳು ಯಾಕೆ ಹೇಳಲಿ.

ಆದರೆ ಖುಷಿಯಿಂದ ಪ್ರಬಂಧ ಆಗುವುದಿಲ್ಲ, ದಾಖಲೆ ಬೇಕು. ನಮ್ಮ ದೇಶದಲ್ಲಿ ಸೈನ್ಯದ ದಾಖಲೆ ಸಿಗುವುದು ಹೇಗೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1962ರ ಸೋಲಿನ ಬಗ್ಗೆ ಸೇನೆಯೇ ನಡೆಸಿದ ಹೆಂಡರ್ಸನ್ ಬ್ರೂಕ್ಸ್ ವಿಚಾರಣೆಯ ವರದಿ 1963ರಲ್ಲಿ ಸಿದ್ಧವಾಯಿತು. ಅದರ ಒಂದು ಭಾಗ 2014ರಲ್ಲಿ ಸೋರಿಕೆಯಾಗಿ ಜಗತ್ತೇ ಓದಿತು. ಸರ್ಕಾರ ಮಾತ್ರ ಅದನ್ನು ಹೊರಗೆ ಬಿಟ್ಟಿಲ್ಲ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 8(1)(ಎ) ಅನ್ನುವ ಕಲಮು ಎದುರು ನಿಲ್ಲುತ್ತದೆ: ದೇಶದ ಭದ್ರತೆಗೆ ಧಕ್ಕೆ. ಅವಳ ಅರ್ಜಿಗಳಿಗೂ ಅದೇ ಉತ್ತರ ಬಂತು.

ದೆಹಲಿಗೆ ಹೋಗಿ ನಿವೃತ್ತ ಅಧಿಕಾರಿಗಳನ್ನು ಕಂಡಳು. ಕೆಲವರು ಪ್ರೀತಿಯಿಂದ ಮಾತಾಡಿದರು. ಆದರೆ ಹೇಳಿದ್ದೆಲ್ಲ ಅವರೇ ಆಗಲೇ ಪತ್ರಿಕೆಗಳಲ್ಲಿ ಬರೆದದ್ದು. ಸೇವೆಯಲ್ಲಿ ಇರುವವರಂತೂ ಬಾಯಿ ಬಿಡುವಂತಿಲ್ಲ, 1923ರ ಅಧಿಕೃತ ರಹಸ್ಯ ಕಾಯ್ದೆ ತಲೆ ಮೇಲಿದೆ. ದೆಹಲಿಯಲ್ಲಿ ಹುಟ್ಟಿ ಬೆಳೆದು, ಅಪ್ಪನೋ ಮಾವನೋ ಕರ್ನಲ್ ಆಗಿರುವ ವಿದ್ಯಾರ್ಥಿಗೆ ಒಂದು ಸಂಜೆಯ ಊಟದಲ್ಲಿ ಸಿಗುವುದು ಕುಂಬಳೆಯ ಹುಡುಗಿಗೆ ವರ್ಷ ಅಲೆದರೂ ಸಿಗುವುದಿಲ್ಲ. ಈ ಕ್ಷೇತ್ರದ ಬಗ್ಗೆ ಯಾರೂ ಗಟ್ಟಿಯಾಗಿ ಹೇಳದ ಮಾತು ಇದು.

ಮನೆ ಹಿತ್ತಲಲ್ಲೇ ಇದ್ದ ವಿಷಯ

ಊರಿಗೆ ಬಂದಾಗ ಅವಳ ಸೋದರಮಾವ ಕಡಲಿಗೆ ಹೋಗಲಾಗದೆ ಮನೆಯಲ್ಲೇ ಕೂತಿದ್ದರು. ಅವರ ಫೈಬರ್ ದೋಣಿಯನ್ನು ರಾತ್ರಿ ತಡೆದು, ಕಾರ್ಡ್ ಕೇಳಿ, ಬೆಳಗಿನ ತನಕ ನಿಲ್ಲಿಸಿಕೊಂಡಿದ್ದರಂತೆ. ಆ ದಿನದ ಮೀನು ಹೋಯಿತು, ಬಲೆಯೂ ಹರಿಯಿತು. ಮಾವನಿಗೆ ಸಿಟ್ಟು ಬಂದದ್ದು ತಡೆದದ್ದಕ್ಕಲ್ಲ. "ತಡೆಯಲಿ ಮಗಾ, ಅದು ಅವರ ಕೆಲಸ. ಹೋದ ವಾರ ನಾನೇ ಫೋನ್ ಮಾಡಿ ಒಂದು ದೋಣಿ ಸಂಶಯ ಅಂತ ಹೇಳಿದ್ದೆ. ಅದು ಏನಾಯ್ತು ಅಂತ ಒಬ್ಬರೂ ಹೇಳಲಿಲ್ಲ."

ಈ ಒಂದು ಮಾತಿನಿಂದ ಅವಳ ಪ್ರಬಂಧದ ದಿಕ್ಕೇ ಬದಲಾಯಿತು.

ಹಿನ್ನೆಲೆ ಸ್ವಲ್ಪ ಹೇಳಬೇಕು. 2008ರ ನವೆಂಬರ್ 26ರಂದು ಮುಂಬೈಗೆ ಬಂದ ಹತ್ತು ಜನ ಉಗ್ರರು 'ಕುಬೇರ್' ಅನ್ನುವ ಪೋರಬಂದರಿನ ಮೀನುಗಾರಿಕಾ ಬೋಟನ್ನು ಕಡಲಲ್ಲೇ ವಶಪಡಿಸಿಕೊಂಡು, ಕೊನೆಗೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೊಲಾಬಾದ ಮಚ್ಛಿಮಾರ್ ನಗರದ ದಡಕ್ಕೆ ಇಳಿದರು. 166 ಜನ ಸತ್ತರು. ಅವರು ಇಳಿಯುವುದನ್ನು ಮೊದಲು ನೋಡಿದ್ದು, ಯಾರಪ್ಪಾ ನೀವು ಅಂತ ಕೇಳಿದ್ದು ಅಲ್ಲಿನ ಬೆಸ್ತರ ಕೇರಿಯವರೇ. ಅಲ್ಲಿಂದ ಕಡಲ ವ್ಯವಸ್ಥೆ ಬದಲಾಯಿತು. 2009ರ ಫೆಬ್ರವರಿಯಲ್ಲಿ ಇಡೀ ಕಡಲ ಭದ್ರತೆಯ ಮುಖ್ಯ ಹೊಣೆ ನೌಕಾಪಡೆಗೆ ಬಂತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರಿನ ತನಕದ ನೀರಿನ ಹೊಣೆಯನ್ನೂ ಕೋಸ್ಟ್ ಗಾರ್ಡ್‌ಗೆ ಕೊಟ್ಟರು. ದಡದ ಹತ್ತಿರ ರಾಜ್ಯಗಳ ಕರಾವಳಿ ಪೊಲೀಸರು. ನಮ್ಮ ಜಿಲ್ಲೆಯಲ್ಲೂ ಬೇಕಲದಂತಹ ಕಡೆ ಕರಾವಳಿ ಠಾಣೆಗಳು ಬಂದವು. ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್, ಬೋಟುಗಳಿಗೆ ರಾಜ್ಯಕ್ಕೊಂದು ಬಣ್ಣ, ಕರೆ ಮಾಡಲು 1093 ಮತ್ತು 1554. ಮೀನುಗಾರರು ನಮ್ಮ ಕಣ್ಣು ಮತ್ತು ಕಿವಿ ಅಂತ ಎಲ್ಲ ಭಾಷಣಗಳಲ್ಲೂ ಬಂತು.

ಕಡಲಲ್ಲಿ ಯಾರ ಯಜಮಾನರು ಯಾರು ಅಂತ ನೋಡಿದರೆ ತಲೆ ತಿರುಗುತ್ತದೆ. ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ರಕ್ಷಣಾ ಸಚಿವಾಲಯದ ಕೆಳಗೆ. ಕರಾವಳಿ ಪೊಲೀಸ್ ರಾಜ್ಯದ ಗೃಹ ಇಲಾಖೆಯದ್ದು. ಕಸ್ಟಮ್ಸ್ ಕೇಂದ್ರದ ಹಣಕಾಸಿನದ್ದು. ಬೋಟಿನ ನೋಂದಣಿ ಮೀನುಗಾರಿಕೆ ಇಲಾಖೆಯದ್ದು. ಮಂಜೇಶ್ವರದ ಆಚೆ ತಲಪಾಡಿ ದಾಟಿದರೆ ಇದರಲ್ಲಿ ಅರ್ಧ ಕರ್ನಾಟಕಕ್ಕೆ ಸೇರುತ್ತದೆ. ನೀರಿನಲ್ಲಿ ಗೆರೆ ಎಲ್ಲಿದೆ? ಮಳೆಗಾಲದ ಟ್ರಾಲಿಂಗ್ ನಿಷೇಧ ಕೇರಳದಲ್ಲಿ 52 ದಿನ, ಕರ್ನಾಟಕದಲ್ಲಿ 61 ದಿನ. ಜೂನ್ ಮೊದಲ ವಾರ ಒಂದು ಕಡೆ ಬಂದ್, ಇನ್ನೊಂದು ಕಡೆ ಓಪನ್. ಮಂಜೇಶ್ವರದ ದೋಣಿಯವನು ಒಳ್ಳೆಯ ರೇಟು ಬೇಕಾದರೆ ಮಂಗಳೂರಿನ ದಕ್ಕೆಗೇ, ಅಂದರೆ ಮೀನುಗಾರಿಕಾ ಬಂದರಿಗೇ ಹೋಗಬೇಕು. ದಿನಕ್ಕೆ ಎರಡು ಸಲ ರಾಜ್ಯ ಬದಲಾಗುತ್ತದೆ, ಅವನ ಕಾರ್ಡ್ ಮಾತ್ರ ಒಂದೇ.

ಆ ಕಾರ್ಡನ್ನು ಮಾವ ತೋರಿಸಿದ್ದರು. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಎಲೆ ಅಡಿಕೆ ಡಬ್ಬಿಯ ಕೆಳಗೆ ಇಟ್ಟಿದ್ದರು. ಉಪ್ಪುನೀರು ತಾಗಿ ಫೋಟೋದ ಅರ್ಧ ಮುಖ ಅಳಿಸಿಹೋಗಿತ್ತು. "ಇದನ್ನು ಓದುವ ಮೆಷಿನ್ ಇದೆ ಅಂತಾರೆ. ನಾನು ಇದುವರೆಗೆ ನೋಡಿಲ್ಲ" ಅಂದರು.

ಇನ್ನೊಂದು ಘಟನೆ ಅವಳ ಪ್ರಬಂಧದಲ್ಲಿ ಪೂರ್ತಿ ಒಂದು ವಿಭಾಗವೇ ಆಯಿತು. 'ಸಾಗರ ಕವಚ' ಅಂತ ಕರಾವಳಿಯಲ್ಲಿ ಆಗಾಗ ಅಣಕು ಕಾರ್ಯಾಚರಣೆ ನಡೆಯುತ್ತದೆ. ಕೆಂಪು ತಂಡದವರು ಉಗ್ರರ ಹಾಗೆ ದಡಕ್ಕೆ ನುಗ್ಗಲು ನೋಡಬೇಕು, ನೀಲಿ ತಂಡ ಹಿಡಿಯಬೇಕು. ಒಮ್ಮೆ ಕೆಂಪು ತಂಡ ಬಾಡಿಗೆ ದೋಣಿಯಲ್ಲಿ ಬರುತ್ತಿದ್ದಾಗ ಒಬ್ಬ ಹಿರಿಯ ಮೀನುಗಾರರು ದೂರದಿಂದಲೇ ಹಿಡಿದರು. ಹೇಗೆ ಗೊತ್ತಾಯಿತು ಅಂತ ಕೇಳಿದರೆ, "ಮೀನಿಗೆ ಹೋಗುವವರು ನಾಲ್ಕು ಜನ ಒಂದೇ ಬದಿಗೆ ಕೂತ್ಕೊಳ್ತಾರಾ? ಬಲೆ ಇದೆ, ಒದ್ದೆ ಆಗಿಲ್ಲ. ಕಾಗೆ, ಕಡಲಹಕ್ಕಿ ಒಂದೂ ಹಿಂದೆ ಬರ್ತಾ ಇಲ್ಲ." ಕೂಡಲೇ ಫೋನ್ ಮಾಡಿದರು. ಆ ಕಡೆಯವರು ಅಕ್ಷಾಂಶ ರೇಖಾಂಶ ಕೇಳಿದರು. ಇವರು ಹೇಳಿದ್ದು: ಮಸೀದಿಯ ಮಿನಾರವೂ ಹಿಂದಿನ ಗುಡ್ಡದ ತುದಿಯೂ ಒಂದೇ ಗೆರೆಗೆ ಬರುವ ಜಾಗ. ಆ ತೀರದ ಯಾವ ಹುಡುಗನಿಗೂ ಅದು ಸಾಕಾಗುವಷ್ಟು ವಿಳಾಸ. ಫೋನ್ ಹಿಡಿದವರಿಗೆ ಸಾಕಾಗಲಿಲ್ಲ. ಅಷ್ಟರಲ್ಲಿ ಕೆಂಪು ತಂಡ ದಡಕ್ಕೆ ಬಂದು ಚಹಾ ಕುಡಿಯುತ್ತಿತ್ತು.

ನಗು ಬರುತ್ತದೆ, ಅಲ್ವಾ? ಆದರೆ ಇದರಲ್ಲಿ ಯಾರೂ ದಡ್ಡರಲ್ಲ. ಫೋನ್ ಹಿಡಿದವರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಅವರಿಗೆ ಕೊಟ್ಟ ಫಾರಂನಲ್ಲಿ ಅಕ್ಷಾಂಶಕ್ಕೆ ಜಾಗ ಇದೆ, ಮಿನಾರಕ್ಕೆ ಇಲ್ಲ.

ಡಿಸೆಂಬರ್ 2018

ಇಷ್ಟೆಲ್ಲ ನೋಟ್ ಮಾಡಿಕೊಳ್ಳುತ್ತಿರುವಾಗಲೇ ಮಲ್ಪೆಯ 'ಸುವರ್ಣ ತ್ರಿಭುಜ' ಬೋಟು ಕಾಣೆಯಾಯಿತು. 2018ರ ಡಿಸೆಂಬರ್ 13ರಂದು ಹೊರಟ ಬೋಟು, ಏಳು ಜನ. ಎರಡು ಮೂರು ದಿನದಲ್ಲಿ ಸಂಪರ್ಕ ಕಡಿಯಿತು. ನೌಕಾಪಡೆಯ ಐಎನ್‌ಎಸ್ ಕೊಚ್ಚಿಯ ತಳಭಾಗಕ್ಕೆ ಅದೇ ಹೊತ್ತಿಗೆ ಹಾನಿಯಾಗಿದೆ ಅನ್ನುವ ಸುದ್ದಿ ಹೊರಬಂತು. ಹಡಗೇ ಡಿಕ್ಕಿ ಹೊಡೆದಿದೆ ಅಂತ ಮೀನುಗಾರರು ಆರೋಪಿಸಿದರು. ಜನವರಿಯಲ್ಲಿ ಉಡುಪಿಯಲ್ಲಿ ಸಾವಿರಾರು ಜನ ಹೆದ್ದಾರಿಗೆ ಇಳಿದರು. ಮಹಾರಾಷ್ಟ್ರದ ಮಾಲ್ವಣದ ಕಡಲಾಚೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ಮೊದಲ ವಾರದಲ್ಲಿ. ಹುಡುಕಿದ್ದು ಕೂಡ ನೌಕಾಪಡೆಯದ್ದೇ ಹಡಗು, ಐಎನ್‌ಎಸ್ ನಿರೀಕ್ಷಕ್.

ಡಿಸೆಂಬರಿನಿಂದ ಮೇ ತನಕ ಕಾಸರಗೋಡಿನ ದಡದಲ್ಲೂ ಬೇರೆ ಮಾತಿರಲಿಲ್ಲ. ಮಲ್ಪೆಯ ಬೋಟುಗಳಿಗೆ ಹೋಗುವವರು ನಮ್ಮಲ್ಲೂ ಇದ್ದಾರೆ. ಹಳೆಯ ನೆನಪುಗಳೂ ಮೇಲೆ ಬಂದವು. 2012ರ ಫೆಬ್ರವರಿ 15ರಂದು ಕೇರಳದ ಕಡಲಾಚೆ ಎನ್ರಿಕಾ ಲೆಕ್ಸಿ ಅನ್ನುವ ಇಟಲಿಯ ತೈಲ ಹಡಗಿನ ಮೇಲಿದ್ದ ನೌಕಾ ಸೈನಿಕರು ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದದ್ದು. 2017ರ ಓಖಿ ಚಂಡಮಾರುತದಲ್ಲಿ ಹುಡುಕಲು ಹೋದ ಹಡಗುಗಳು ಸಾಕಷ್ಟು ದೂರ ಹೋಗುತ್ತಿಲ್ಲ ಅಂತ ತಿರುವನಂತಪುರದ ಕಡೆಯ ಬೆಸ್ತರು ಜಗಳ ಮಾಡಿದ್ದು, ಆಮೇಲೆ ದಾರಿ ತೋರಿಸಲು ಅವರನ್ನೇ ಹಡಗಿಗೆ ಹತ್ತಿಸಿಕೊಂಡದ್ದು. ಮರುವರ್ಷದ ಪ್ರವಾಹದಲ್ಲಿ ಅದೇ ಬೆಸ್ತರು ದೋಣಿಗಳನ್ನು ಲಾರಿ ಮೇಲೆ ಹೇರಿಕೊಂಡು ಬಂದು ಜನರನ್ನು ಉಳಿಸಿದ್ದು. ಕಡಲಲ್ಲಿ ಸಮವಸ್ತ್ರದವರ ಜೊತೆ ನಮ್ಮ ಜನಕ್ಕೆ ಇರುವ ಸಂಬಂಧ ಇಂಥದ್ದು. ನಂಬಿಕೆ ಇದೆ, ಅಸಮಾಧಾನವೂ ಇದೆ. ಒಂದೇ ಬಾಯಲ್ಲಿ ಎರಡೂ ಬರುತ್ತವೆ.

ಆ ಆರು ತಿಂಗಳಲ್ಲಿ ಜನ ಅವಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದರು. ಜಾಸ್ತಿಯೇ ಮಾತಾಡಿದರು. ನೋಟ್‌ಬುಕ್ಕಿನಲ್ಲಿ ಬರಬಾರದ್ದೂ ಬಂತು. ಕಡಲಲ್ಲೇ ಕೈ ಬದಲಾಗುವ ಡೀಸೆಲ್. ರಾತ್ರಿ ಪ್ರಖರ ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದು, 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಕ್ರಮ. ಕರ್ನಾಟಕದ ಬೋಟು ದೀಪ ಆರಿಸಿ ಈ ಕಡೆ ಬರುವುದು, ಈ ಕಡೆಯವರೇ ಅದಕ್ಕೆ ಸಹಾಯ ಮಾಡುವುದು. ದೇಶದ್ರೋಹ ಯಾವುದೂ ಅಲ್ಲ. ಆದರೆ 1980ರ ಕೇರಳ ಕಡಲ ಮೀನುಗಾರಿಕೆ ಕಾಯ್ದೆಯಲ್ಲಿ ದಂಡ ಬೀಳುವಂಥವು ಇದ್ದವು.

ಅಂಥ ಹೊತ್ತಿನಲ್ಲಿ ಅಧಿಕಾರಿ ನೋಟ್ಸ್ ಕೇಳಿದ್ದು.

ಎರಡು ಕಡೆಯ ಎಳೆತ

ಅವಳ ಗೈಡ್, ಒಳ್ಳೆಯ ಮನುಷ್ಯ, "ಟೈಪ್ ಮಾಡಿದ ಒಂದು ಭಾಗ ಕೊಡು, ಸಂದರ್ಶನ ಮುಖ್ಯ" ಅಂದರು. ಅವರ ಲೆಕ್ಕ ತಪ್ಪಲ್ಲ. ಸೇವೆಯಲ್ಲಿರುವ ಅಧಿಕಾರಿಯ ಸಂದರ್ಶನ ಇಲ್ಲದ ಪ್ರಬಂಧಕ್ಕೆ ಪರೀಕ್ಷಕರು ಮೂಗು ಮುರಿಯುತ್ತಾರೆ. ಅದೇ ಸಮಯಕ್ಕೆ ದೆಹಲಿಯ ಒಂದು ಸಂಸ್ಥೆಯಿಂದ ಸಂಶೋಧನಾ ಸಹಾಯಕಿಯ ಕೆಲಸದ ಮಾತೂ ಬಂದಿತ್ತು. ಅವರಿಗೆ ಬೇಕಾದದ್ದು ಹಿಂದೂ ಮಹಾಸಾಗರ, ಚೀನಾ, ಬಂದರುಗಳು. ಕಾಸರಗೋಡು ಅಂದ ಕೂಡಲೇ ಅವರು ಕೇಳಿದ್ದು ಒಂದೇ ಪ್ರಶ್ನೆ. 2016ರಲ್ಲಿ ಪಡನ್ನ, ತೃಕ್ಕರಿಪುರ ಕಡೆಯ ಒಂದಷ್ಟು ಜನ ಐಸಿಸ್ ಸೇರಲು ಅಫ್ಘಾನಿಸ್ತಾನಕ್ಕೆ ಹೋದರಲ್ಲ, ಅದರ ಬಗ್ಗೆ ಬರೆಯುತ್ತೀರಾ? ಹೊರಗಿನಿಂದ ಭದ್ರತೆ ಅಂತ ಬರುವವರು ಈ ಜಿಲ್ಲೆಯಲ್ಲಿ ನೋಡುವುದು ಅಷ್ಟನ್ನೇ. ಹಾಗಾಗಿ ಇಲ್ಲಿ ಯಾರಾದರೂ ಪೆನ್ನು ಹಿಡಿದು ಕೇಳಿದರೆ ಜನ ಮೊದಲು ಹೆದರುತ್ತಾರೆ. ಇವಳಿಗೆ ಹೆದರದಿದ್ದುದಕ್ಕೆ ಕಾರಣ ಅವಳ ಮಾವ, ಅವಳ ತುಳು, ಅವಳ ಅಜ್ಜಿ ಮೀನು ಮಾರುತ್ತಿದ್ದ ಸಂತೆ.

ಕಾನೂನು ಏನು ಹೇಳುತ್ತದೆ ಅಂತ ನಾವಿಬ್ಬರೂ ಕೂತು ನೋಡಿದೆವು. ವಕೀಲರಿಗೆ ಕಕ್ಷಿದಾರ ಹೇಳಿದ್ದನ್ನು ಗುಟ್ಟಾಗಿಡುವ ರಕ್ಷಣೆ ಇದೆ. ಪತ್ರಕರ್ತರಿಗೆ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯಲ್ಲಿ ಚೂರು ರಕ್ಷಣೆ, ಅದೂ ಕೌನ್ಸಿಲ್ಲಿನ ಎದುರು ಮಾತ್ರ. ಸಂಶೋಧಕರಿಗೆ ಅಷ್ಟೂ ಇಲ್ಲ. ಆಗಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 91ನೇ ಸೆಕ್ಷನ್ನಿನಲ್ಲಿ ಯಾವ ದಾಖಲೆಯನ್ನೂ ತರಿಸಿಕೊಳ್ಳಬಹುದಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 94. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಪತ್ರ ತೋರಿಸಿದರೆ ಠಾಣೆಯಲ್ಲಿ ಕೂರಿಸಿ ಚಹಾ ಕೊಡಬಹುದು, ಅಷ್ಟೇ. ಅಂದರೆ ಇರುವ ರಕ್ಷಣೆ ಒಂದೇ: ಹೆಸರನ್ನು ಬರೆಯದೇ ಇರುವುದು. ಬರೆದದ್ದನ್ನು ಯಾವತ್ತಾದರೂ ಯಾರಾದರೂ ಓದಬಹುದು.

ಅವಳ ಮೊದಲ ನೋಟ್‌ಬುಕ್ಕಿನಲ್ಲಿ ಹೆಸರುಗಳಿದ್ದವು. ವಾರ ಪೂರ್ತಿ ಕೂತು ಎಲ್ಲವನ್ನೂ ಹೊಸದಾಗಿ ಬರೆದಳು. ಹೆಸರಿನ ಬದಲು ಅಕ್ಷರ ಮತ್ತು ಅಂಕೆ. ಊರಿನ ಬದಲು 'ಹೊಳೆಬಾಯಿಯ ಉತ್ತರ', 'ದಕ್ಷಿಣ'. ಬೋಟಿನ ನಂಬರು, ಫೋನ್ ನಂಬರು ಯಾವುದೂ ಇಲ್ಲ. ಹಳೆಯದನ್ನು ಒಲೆಗೆ ಹಾಕಿದಳು. ಆಗ ಯಾರೂ ನೋಟಿಸ್ ಕೊಟ್ಟಿರಲಿಲ್ಲ, ಕೇಸಿರಲಿಲ್ಲ. ನೋಟಿಸ್ ಬಂದ ಮೇಲೆ ಹೀಗೆ ಮಾಡಿದರೆ ಸಾಕ್ಷ್ಯನಾಶ ಆಗುತ್ತದೆ, ಈ ವ್ಯತ್ಯಾಸ ನೆನಪಿರಲಿ. ಈ ಕೆಲಸ ಮೊದಲ ದಿನವೇ ಆಗಬೇಕಾದದ್ದು. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ವಿಧಾನದ ಪಾಠದಲ್ಲಿ ಪ್ರಶ್ನಾವಳಿ ಮಾಡುವುದು ಹೇಗೆ ಅಂತ ಒಂದು ಸೆಮಿಸ್ಟರ್ ಕಲಿಸುತ್ತಾರೆ. ಇದನ್ನು ಒಬ್ಬರೂ ಹೇಳಿಕೊಡುವುದಿಲ್ಲ.

ಇತ್ತ ಮೀನುಗಾರರೂ ಸುಮ್ನೆ ಇರಲಿಲ್ಲ. ಅಧಿಕಾರಿಯನ್ನು ಕಾಣುತ್ತಾಳೆ ಅಂತ ಗೊತ್ತಾದ ಕೂಡಲೇ ಅವಳನ್ನು ದೂತೆ ಮಾಡಲು ನೋಡಿದರು. "ರಾತ್ರಿ ತಡೆದರೆ ಬಲೆ ಎಳೆದುಕೊಳ್ಳಲು ಟೈಮ್ ಕೊಡಲಿ ಅಂತ ಹೇಳು." "ಆ ಇನ್ನೊಂದು ಕೇರಿಯವರು ದೀಪ ಹಾಕ್ತಾರೆ, ಅದನ್ನೂ ಹೇಳು." ಅವಳ ಬಾಯಿಂದ ಪಕ್ಕದ ಕೇರಿಯ ಮೇಲೆ ದೂರು ಹೇಳಿಸುವ ಉಪಾಯ! ಜನರ ಪರ ಅಂತ ಹೊರಟ ಸಂಶೋಧಕರು ಇಂಥ ಕಡೆ ಎಡವುತ್ತಾರೆ. ದಡದಲ್ಲಿರುವವರೆಲ್ಲ ಒಂದೇ ಅಲ್ಲ. ದೊಡ್ಡ ಬೋಟಿನವನಿಗೂ ನಾಡದೋಣಿಯವನಿಗೂ ಆಗಿಬರುವುದಿಲ್ಲ. ಒಬ್ಬನ ಭದ್ರತಾ ತಪಾಸಣೆ ಇನ್ನೊಬ್ಬನಿಗೆ ಅನುಕೂಲ.

ಇದರ ನಡುವೆ ನಿಜವಾಗಿಯೂ ಕಷ್ಟದ್ದು ಒಂದಿತ್ತು. ಒಬ್ಬ ಹುಡುಗ ಹೇಳಿದ: ನಂಬರಿಲ್ಲದ ಒಂದು ದೋಣಿ ಎರಡು ರಾತ್ರಿಯಿಂದ ಆಚೆ ಲಂಗರು ಹಾಕಿದೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದು ಸುಮ್ಮನಿರಲು ಆಗುತ್ತದಾ? ಮುಂಬೈಯ ಮಚ್ಛಿಮಾರ್ ನಗರ ನೆನಪಾಗದೆ ಇರುತ್ತದಾ? ಅವಳು ತಾನು ಫೋನ್ ಮಾಡಲಿಲ್ಲ. ಹುಡುಗನ ಪಕ್ಕ ಕೂತು ಅವನಿಂದಲೇ 1093ಕ್ಕೆ ಫೋನ್ ಮಾಡಿಸಿದಳು, ತನ್ನ ಮೊಬೈಲಿನಲ್ಲಿ ಜಾಗದ ಅಕ್ಷಾಂಶ ತೆಗೆದು ಅವನ ಮುಂದೆ ಹಿಡಿದಳು. ಬೇರೆ ರಾಜ್ಯದ ದೋಣಿ, ಇಂಜಿನ್ ಕೆಟ್ಟು ನಿಂತಿತ್ತಂತೆ. ಅಂತೆ ಅಂತ ಯಾಕೆ ಹೇಳುತ್ತೇನೆ ಅಂದರೆ ಹುಡುಗನಿಗೆ ಅದು ಗೊತ್ತಾದದ್ದು ಮೀನು ಹರಾಜಿನ ಜಾಗದಲ್ಲಿ. ಫೋನ್ ಹಿಡಿದವರು ತಿರುಗಿ ಹೇಳಲಿಲ್ಲ.

ಅವಳು ಕೊಟ್ಟದ್ದು

ಕೊನೆಗೆ ಅಧಿಕಾರಿಗೆ ಒಂದು ಟಿಪ್ಪಣಿ ಕೊಟ್ಟಳು, ನಾಲ್ಕು ಪುಟದ್ದು. ಯಾರು ಹೇಳಿದರು ಅನ್ನುವುದು ಇಲ್ಲ. ಏನು ಆಗುತ್ತಿದೆ ಅನ್ನುವುದು ಇದೆ: ಕರೆ ಮಾಡಿದವರಿಗೆ ಉತ್ತರ ಹೋಗುವುದಿಲ್ಲ, ಫೋನ್ ಹಿಡಿಯುವವರಿಗೆ ದಡದ ಗುರುತುಗಳು ಗೊತ್ತಿಲ್ಲ, ಕಾರ್ಡ್ ಓದುವ ಯಂತ್ರ ದೋಣಿಗಳ ಹತ್ತಿರ ಬರುವುದಿಲ್ಲ, ರಾತ್ರಿ ತಪಾಸಣೆಯಲ್ಲಿ ಬಲೆ ಹೋದರೆ ಕೇಳುವವರಿಲ್ಲ. ಡೀಸೆಲ್, ದೀಪದ ವಿಷಯ ಅದರಲ್ಲಿ ಇರಲಿಲ್ಲ. ಕೊಡುವ ಮೊದಲು ಅದನ್ನು ದಡದಲ್ಲಿ ತುಳುವಿನಲ್ಲಿಯೂ ಮಲಯಾಳದಲ್ಲಿಯೂ ಓದಿ ಹೇಳಿದಳು. ಒಬ್ಬರು ಒಂದು ಸಾಲು ತೆಗೆಯಲು ಹೇಳಿದರು, ತೆಗೆದಳು.

ಅಧಿಕಾರಿ ಟಿಪ್ಪಣಿ ತೆಗೆದುಕೊಂಡರು, ಥ್ಯಾಂಕ್ಸ್ ಅಂದರು. ಸಂದರ್ಶನ ಮಾತ್ರ ಮುಂದಿನ ವಾರ, ಮುಂದಿನ ತಿಂಗಳು ಅಂತ ಆಗುತ್ತಾ ಆಗುತ್ತಾ, ಅವರಿಗೆ ವರ್ಗವಾಯಿತು.

'ಮೇಲಿನವರ ನೋಟ' ಅನ್ನುವ ಒಂದು ಅಧ್ಯಾಯ ಹೋಯಿತು ಅಂತ ಗೈಡಿಗೆ ಬೇಜಾರು. ನನ್ನ ಅಭಿಪ್ರಾಯ ಬೇರೆ. ಅಧಿಕಾರಿ ಒಂದು ಗಂಟೆ ಮಾತಾಡಿದ್ದರೂ ಎಲ್ಲ ಸರಿಯಾಗಿದೆ ಅಂತಲೇ ಹೇಳುತ್ತಿದ್ದರು, ಬೇರೆ ಹೇಳುವ ಸ್ವಾತಂತ್ರ್ಯ ಅವರಿಗಿಲ್ಲ. ಆ ಅಧ್ಯಾಯವನ್ನು ಅವಳು ಬಹಿರಂಗವಾಗಿ ಇರುವ ದಾಖಲೆಗಳಿಂದಲೇ ಕಟ್ಟಿದಳು. ಸಂಸತ್ತಿನ ಗೃಹ ಮತ್ತು ರಕ್ಷಣಾ ಸ್ಥಾಯಿ ಸಮಿತಿಗಳ ವರದಿಗಳು, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು, ಲೋಕಸಭೆ ಮತ್ತು ಕೇರಳ ವಿಧಾನಸಭೆಯ ಪ್ರಶ್ನೋತ್ತರಗಳು. ಎಷ್ಟು ಬೋಟು ಮಂಜೂರಾಯಿತು, ಎಷ್ಟು ಬಂತು, ಎಷ್ಟು ಕೆಟ್ಟು ನಿಂತಿದೆ ಅಂತ ಸಚಿವರೇ ಎದ್ದು ಉತ್ತರ ಕೊಟ್ಟಿರುತ್ತಾರೆ. ಗುಟ್ಟು ಹುಡುಕಿಕೊಂಡು ಅಲೆಯುವ ಉಮೇದಿನಲ್ಲಿ ಎದುರಿಗೆ ಬಿದ್ದದ್ದನ್ನು ಓದುವವರೇ ಕಡಿಮೆ. ಸಮಿತಿ ಸದಸ್ಯರು ಸೇನಾಧಿಕಾರಿಗಳನ್ನೂ ಕಾರ್ಯದರ್ಶಿಗಳನ್ನೂ ಕೂರಿಸಿ ಕೇಳಿದ ಪ್ರಶ್ನೆಗಳು ಆ ವರದಿಗಳಲ್ಲಿವೆ. ಅದೇ ತಾನೇ ನಾಗರಿಕ-ಸೈನಿಕ ಸಂಬಂಧ?

ಕೋವಿಡ್ ಬಂದು 2020ರ ಮಾರ್ಚಿನಲ್ಲಿ ತಲಪಾಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ಹೋಗುವ ಆಂಬುಲೆನ್ಸ್ ತಡೆದದ್ದು ಎಲ್ಲರಿಗೂ ನೆನಪಿರಬಹುದು. ಅವಳ ಪ್ರಬಂಧವೂ ಒಂದು ವರ್ಷ ತಡವಾಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು: "ಎಲ್ಲ ಚೆನ್ನಾಗಿದೆ, ಇದರಲ್ಲಿ ಸೈನ್ಯ ಎಲ್ಲಿದೆ?" ದಡದ ಬೆಸ್ತನಿಗೆ ಸೈನ್ಯ ಅಂದರೆ ರಾತ್ರಿ ಎರಡು ಗಂಟೆಗೆ ಮುಖಕ್ಕೆ ಬೀಳುವ ಸರ್ಚ್‌ಲೈಟು, ಅದು ಯಾವ ಇಲಾಖೆಯದ್ದು ಅಂತ ಅವನಿಗೆ ಕಾಣುವುದಿಲ್ಲ ಅಂತ ಅವಳು ಹೇಳಿದಳು. ಪರೀಕ್ಷಕರು ಒಪ್ಪಿದರೋ ಇಲ್ಲವೋ, ಡಿಗ್ರಿ ಕೊಟ್ಟರು.

ದೆಹಲಿಯ ಕೆಲಸಕ್ಕೆ ಅವಳು ಹೋಗಲಿಲ್ಲ. ಹೋಗಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಎರಡು ವರ್ಷ ಅಲ್ಲಿದ್ದು, ನಾಲ್ಕು ಜನರ ಪರಿಚಯ ಮಾಡಿಕೊಂಡು ವಾಪಸ್ ಬರಬಹುದಿತ್ತು. ನಿಮಗೆ ಗೊತ್ತಿಲ್ಲ ಸರ್, ಅಲ್ಲಿಂದ ಯಾರೂ ವಾಪಸ್ ಬರುವುದಿಲ್ಲ ಅನ್ನುತ್ತಾಳೆ. ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಪೀರಿಯಡ್ ಲೆಕ್ಕದ ಸಂಬಳ. ಪಿಎಸ್‌ಸಿ ರ‍್ಯಾಂಕ್ ಲಿಸ್ಟಿಗೆ ಕಾಯುತ್ತಿದ್ದಾಳೆ. ಹೊರಗೆ ಕಳಿಸಿದ ಲೇಖನ ಒಮ್ಮೆ ಸಿದ್ಧಾಂತ ಸಾಲದು ಅಂತ ವಾಪಸ್ ಬಂತು, ಎರಡನೇ ಸಲ ಬೇರೆ ಪತ್ರಿಕೆಯಲ್ಲಿ ಅಚ್ಚಾಯಿತು.

ಕಳೆದ ವರ್ಷ ಕರಾವಳಿ ಭದ್ರತೆಯ ಸಿಬ್ಬಂದಿಗೆ ಪಾಠ ಮಾಡಲು ಅವಳಿಗೆ ಕರೆ ಬಂತು. ಇಬ್ಬರು ಮೀನುಗಾರರನ್ನೂ ಕರೆಯುವುದಾದರೆ ಬರುತ್ತೇನೆ, ದಡದ ಗುರುತುಗಳನ್ನು ಅವರೇ ಹೇಳಿಕೊಡಲಿ ಅಂತ ಪತ್ರ ಬರೆದಳು. ಒಬ್ಬರಿಗೆ ಒಪ್ಪಿಗೆ ಸಿಕ್ಕಿತು, ಗೌರವಧನ ಇಲ್ಲ. ಆ ದಿನದ ಮೀನಿನ ಲೆಕ್ಕಕ್ಕೆ ಅವಳು ತನ್ನ ಗೌರವಧನದ ಅರ್ಧ ಕೊಟ್ಟಳು. ತರಗತಿಯಲ್ಲಿದ್ದ ಒಬ್ಬ ಯುವ ಸಿಬ್ಬಂದಿ ಮಿನಾರ, ಗುಡ್ಡ, ಹೊಳೆಬಾಯಿ ಎಲ್ಲವನ್ನೂ ಮೊಬೈಲಿನ ಮ್ಯಾಪಿನಲ್ಲಿ ಗುರುತು ಹಾಕಿಕೊಂಡನಂತೆ. ಆಮೇಲೆ ಎದ್ದು ನಿಂತು, ಇದರ ಪಟ್ಟಿಯೊಂದನ್ನು ಕಂಟ್ರೋಲ್ ರೂಮಿಗೆ ಕೊಡಬಹುದಾ ಅಂತ ಮೇಲಧಿಕಾರಿಯನ್ನು ಕೇಳಿದನಂತೆ. ನೋಡೋಣ ಅಂದರಂತೆ ಅವರು.